ಇಣುಕಿದರೆ ಬೀಳುವ ಸರ್ವರ್

೧೪ ಮಾರ್ಚ್, ಗುರುವಾರ

ಊಟಕ್ಕೆ ಮನೆಗೆ ಬಂದವಳು ಲಾಗಿನ್ ಆಗಿ ನೋಡಿದರೆ, ನಾನು ನೋಡಿಕೊಳ್ಳುವ ಆಸ್ಪತ್ರೆಯ ಸರ್ವರ್ ಮತ್ತೆ ಬಿದ್ದಿತ್ತು. ಲ್ಯಾಬಿನ ಡಾಕ್ಟರಮ್ಮ ಫೋನಲ್ಲಿ ರೇಗಲಿಲ್ಲ. "ರಕ್ತದ ರಿಪೋರ್ಟಿಗೆ ಆಪರೇಷನ್ ಟೇಬಲ್ ಮೇಲೆ ಒಬ್ಬರು ಕಾಯ್ತಿದ್ದಾರೆ" ಅಂದರು, ಅಷ್ಟೇ. ರೇಗಿದ್ದರೇ ವಾಸಿಯಿತ್ತು. ಕೊನೆಗೆ ಕೈಯಲ್ಲೇ ಬರೆದು ಕಳಿಸಿದರಂತೆ.

ಆಫೀಸಿಗೆ ಮರಳಿ ಮೆಮೊರಿ ನೋಡಿದ್ದಾಯ್ತು, ಕೇಬಲ್ ಬದಲಿಸಿದ್ದಾಯ್ತು. ಸಂಜೆ ಅಕ್ಕ ಪಾತ್ರೆ ತೊಳೆಯುತ್ತಾ, "ನೀನು ಮನೆಯಿಂದ ಇಣುಕಿದಾಗಲೇ ಬೀಳುತ್ತಲ್ಲೇ ಅದು?" ಅಂದಳು. ನಕ್ಕೆ. ಆಮೇಲೆ ಅದು ಬಿದ್ದ ವೇಳೆಗಳನ್ನೂ ನಾನು ಲಾಗಿನ್ ಆದ ವೇಳೆಗಳನ್ನೂ ಪಕ್ಕಪಕ್ಕ ಬರೆದು ನೋಡಿದೆ.

ಸರ್ವರ್ ಒಳಗೆ ಒಂದೊಂದು ಕೆಲಸಕ್ಕೆ ಒಂದೊಂದು ಡಬ್ಬಿಯಂತಿರುವ ಕಂಟೇನರ್‌ಗಳು ಒಂದಕ್ಕೊಂದು ಮಾತಾಡುವ ಒಳಜಾಲ, ಅದೇ ಬ್ರಿಡ್ಜ್, ಅದಕ್ಕೂ ನಾನು ಮನೆಯಿಂದ ಒಳಹೋಗುವ ದಾರಿಗೂ ಒಂದೇ ವಿಳಾಸಗಳು! ನಾನು ಕನೆಕ್ಟ್ ಆದ ಕೂಡಲೇ ಅವುಗಳ ಮಾತೆಲ್ಲ ನನ್ನ ಕಡೆ ಹರಿದು, ಅಲ್ಲಿ ಎಲ್ಲ ಸ್ತಬ್ಧ. ಚೆನ್ನಾಗಿದ್ದೀಯಾ ಅಂತ ಕೇಳಲು ಹೋಗಿ ಕತ್ತು ಹಿಸುಕುತ್ತಿದ್ದೆ.

ಆಫೀಸಿಗೆ ಓಡಿ ಬ್ರಿಡ್ಜ್‌ನ ವಿಳಾಸ ಬದಲಿಸಿ ಬಂದೆ. ಸರಿಹೋಯಿತಾ ಅಂತ ತಿಳಿಯಲು ಇಲ್ಲಿಂದ ಲಾಗಿನ್ ಆಗಲೇಬೇಕು. ಸರಿಹೋಗಿರದಿದ್ದರೆ, ಲಾಗಿನ್ ಆದ ಕೂಡಲೇ ಮತ್ತೆ ಬೀಳುತ್ತದೆ. ಈಗ ಆ ಟೇಬಲ್ ಮೇಲೆ ಯಾರಿದ್ದಾರೋ.

ಕೈ ಸುಮ್ಮನಿರುತ್ತಿಲ್ಲ. ಎಲ್ಲಿ ಲಾಗಿನ್ ಆಗಿಬಿಡುತ್ತೇನೋ ಅಂತ ಲ್ಯಾಪ್‌ಟಾಪ್ ಒಯ್ದು ಮಲಗಿದ್ದ ಅಕ್ಕನ ದಿಂಬಿನ ಪಕ್ಕ ಇಟ್ಟೆ. ಅವಳು ನಿದ್ದೆಗಣ್ಣಲ್ಲೇ ಅದರ ಮೇಲೆ ಕೈಯಿಟ್ಟು, "ಬದುಕಿಕೊಳ್ಳಲಿ ಬಿಡೇ ಅದು" ಅಂದಳು.

ಆಸ್ಪತ್ರೆಯಿಂದ ಫೋನ್ ಇನ್ನೂ ಬಂದಿಲ್ಲ. ಬಂದಿಲ್ಲ ಅಂದರೆ ಒಳ್ಳೆಯದೇ ಅಲ್ಲವಾ, ಅಥವಾ ಅಲ್ಲಿ ಫೋನ್ ಮಾಡಲೂ ಯಾರಿಗೂ ಪುರುಸೊತ್ತಿಲ್ಲವಾ?