ಮಾತಾಡಬಾರದ ಗಂಟೆ

ಮಾರ್ಚ್ 4, ಮಂಗಳವಾರ

ಇವತ್ತಿನ ಕೊನೆಯ ಸ್ಕ್ಯಾನ್ ಮಾವನದು. ನಾಲಿಗೆಯ ಬುಡದಲ್ಲಿ ಕ್ಯಾನ್ಸರ್ ಗಡ್ಡೆ, ಎಲ್ಲಿಯವರೆಗೆ ಹರಡಿದೆ ನೋಡಬೇಕು. ಮಗಳನ್ನು ಡಾಕ್ಟರಿಗೇ ಕೊಡಬೇಕೆಂದಿದ್ದವರು. ಸಿಕ್ಕಿದ್ದು ನಾನು, ಸ್ಕ್ಯಾನ್ ಟೆಕ್ನಿಷಿಯನ್. ಮದುವೆಯಾದಾಗಿನಿಂದ ಎಲ್ಲರೆದುರೂ ಒಂದೇ ಮಾತು— "ನಮ್ಮಳಿಯ ಫೋಟೋ ತೆಗೀತಾನೆ."

ಇಂಜೆಕ್ಷನ್ ಕೊಟ್ಟು ಕೋಣೆಯಲ್ಲಿ ಮಲಗಿಸಿದೆ. "ಒಂದು ಗಂಟೆ ತುಟಿ ಬಿಚ್ಚಬೇಡಿ ಮಾವ." ಮಾತಾಡಿದರೆ ಗಂಟಲಿನ ಸ್ನಾಯು ಔಷಧಿ ಹೀರಿಕೊಂಡು, ಚಿತ್ರದಲ್ಲಿ ರೋಗದ ಹಾಗೇ ಹೊಳೆಯುತ್ತದೆ. ಎಲ್ಲರಿಗೂ ಬಿಡಿಸಿ ಹೇಳುತ್ತೇನೆ. ಇವರಿಗೆ ಹೇಳಲಿಲ್ಲ. ಬೇಕಿದ್ದರೆ ಕೇಳಲಿ.

ಸ್ವಲ್ಪ ಹೊತ್ತಿಗೆ ನನ್ನ ಮೇಜಿನ ಸ್ಪೀಕರಿನಲ್ಲಿ ಅವರ ದನಿ. ಕೋಣೆಯಲ್ಲಿ ಮೈಕ್ ಇರುವುದು ಅವರಿಗೆ ಗೊತ್ತಿಲ್ಲ. ಫೋನ್ ಬಚ್ಚಿಟ್ಟುಕೊಂಡು ಗೆಳೆಯನ ಜೊತೆ ಹರಟೆ! "ಹೂಂ ಕಣೋ, ಫೋಟೋಗ್ರಾಫರ್ ಕೈಗೇ ಸಿಕ್ಕಿದೀನಿ. ಮಗಳನ್ನ ಕೊಟ್ಟೆ, ಇರೋಕೆ ಮನೆ ಕೊಟ್ಟೆ, ಈಗ ಬಾಯೂ ಅವನ ಕೈಗೇ ಕೊಟ್ಟೆ!" ಕಿಸಕ್ಕನೆ ನಗು.

ಹೋಗಿ ಫೋನ್ ಕಿತ್ತುಕೊಳ್ಳಬೇಕಿತ್ತು. ಸ್ಕ್ಯಾನ್ ಮುಂದೂಡಬೇಕಿತ್ತು. ಮೈಯೆಲ್ಲ ಉರಿಯುತ್ತಿತ್ತು... ಸ್ಪೀಕರ್ ಆರಿಸಿ ಟೀ ಕುಡಿದೆ. ಗಂಟೆಯಾದ ಮೇಲೆ ಸ್ಕ್ಯಾನ್ ಮಾಡಿ ಮುಗಿಸಿದೆ.

ಮಾರ್ಚ್ 5, ಬುಧವಾರ

ಚಿತ್ರದಲ್ಲಿ ಮಾವನ ಧ್ವನಿಪೆಟ್ಟಿಗೆ ದೀಪ ಹಚ್ಚಿಟ್ಟ ಹಾಗೆ ಹೊಳೆಯುತ್ತಿದೆ. ಡಾಕ್ಟರ್ ಕರೆಸಿದರು.

"ಗಡ್ಡೆ ಅಡ್ಡ ಇದೆ, ಗಂಟಲೊಳಗೆ ಕ್ಯಾಮೆರಾ ಇಳಿಯಲ್ಲ. ನಿಮ್ಮ ಸ್ಕ್ಯಾನನ್ನೇ ನಂಬಬೇಕು. ಪೇಷಂಟ್ ಏನಾದ್ರೂ ಮಾತಾಡಿದ್ರಾ?"

"ಇಲ್ಲ ಸರ್."

"ಹಾಗಾದ್ರೆ ಧ್ವನಿಪೆಟ್ಟಿಗೆಗೂ ಹರಡಿದೆ. ತೆಗೀಲೇಬೇಕು."

ನಿಜ ಹೇಳಿದ್ದರೆ ಕೆಲಸ ಹೋಗುತ್ತಿತ್ತು. ಅದೊಂದೇ ಅಲ್ಲ. ಆ ಬಾಯಿ ಮುಚ್ಚುತ್ತದಲ್ಲ ಎಂದು ಹಾಯೆನಿಸಿತು. ಬರೆದಿದ್ದೇನೆ, ಹೊಡೆದುಹಾಕುವುದಿಲ್ಲ.

ಮಾರ್ಚ್ 21, ಶುಕ್ರವಾರ

ಆಪರೇಷನ್ ಆಗಿದೆ. ಮಾವನ ಕತ್ತಿನಲ್ಲಿ ಉಸಿರಿಗೊಂದು ತೂತು. ದನಿ ಹೋಯಿತು.

ಇವತ್ತು ಲ್ಯಾಬಿನಿಂದ ರಿಪೋರ್ಟ್ ಬಂತು. ತೆಗೆದ ಧ್ವನಿಪೆಟ್ಟಿಗೆಯಲ್ಲಿ ರೋಗವೇ ಇರಲಿಲ್ಲ. ನನ್ನವಳು ವಾರ್ಡಿನಲ್ಲಿ ಅಪ್ಪನಿಗೆ ಹೇಳಿದಳು, ಮಾತಾಡಿದ್ದರೂ ಸ್ಕ್ಯಾನಿನಲ್ಲಿ ಹಾಗೆ ಕಾಣುತ್ತದಂತೆ ಎಂದೂ. ಮಾವ ಸನ್ನೆ ಮಾಡಿ ಸ್ಲೇಟು ಕೇಳಿದರು. ಬರೆದರು. ಅವಳು ಗಟ್ಟಿಯಾಗಿ ಓದಿದಳು:

"ಅವತ್ತು ಫೋನಲ್ಲಿ ಮಾತಾಡಿಬಿಟ್ಟೆ. ಎರಡು ಮಾತಿಗೆ ಏನಾಗುತ್ತೆ ಅಂದ್ಕೊಂಡೆ. ಡಾಕ್ಟರಿಗೆ ಹೇಳಿದ್ರೆ, ಸರಿಯಾಗಿ ನೋಡ್ಕೊಳ್ಳಲಿಲ್ಲ ಅಂತ ಅಳಿಯನ ಕೆಲಸಕ್ಕೆ ಕುತ್ತು, ಸುಮ್ಮನಾದೆ. ಅವನಿಗೇನೂ ಅನ್ನಬೇಡ."

ನನ್ನ ಕೈ ಹಿಡಿದುಕೊಂಡರು. ಬಿಡಿಸಿಕೊಳ್ಳಲಾಗಲಿಲ್ಲ.

ಇಬ್ಬರೂ ಮನೆಗೆ ಬಂದೆವು. ಬೀಗ ತೆಗೆಯುತ್ತ ಅವಳು ಕೇಳಿದಳು. "ರೀ, ಆ ಕೋಣೇಲಿ ಮೈಕ್ ಇದೆ, ಕೆಮ್ಮಿದ್ರೂ ಕೇಳುತ್ತೆ ಅಂತಿದ್ರಲ್ಲ?"

ಕೇಳಿಸದವನ ಹಾಗೆ ಬಂದು ಇದನ್ನು ಬರೆಯುತ್ತಾ ಕೂತಿದ್ದೇನೆ. ಅಡುಗೆಮನೆಯ ನಲ್ಲಿ ನಿಂತಿತು. ಅವಳು ಇತ್ತಲೇ ಬರುತ್ತಿ—