ನಮ್ಮ ಕೌದಿ ಗೋಡೆಗೇರಿತು, ಅತ್ತೆ

ಅತ್ತೆಯವರೇ, ಎಲ್ಲಿದ್ದೀರೋ ಅಲ್ಲಿಗೇ ನಿಮ್ಮ ಸೊಸೆಯ ಶರಣು.

ಚಾಮರಾಜಪೇಟೆಯ ಮನೆಯಿಂದಲೇ ಬರೆಯುತ್ತಿದ್ದೇನೆ. ನಡುಮನೆಯಲ್ಲಿ ಆ ಉದ್ದ ತೋಳಿನ ಹೊಲಿಗೆ ಮಿಷನ್ ಇನ್ನೂ ಗೋಡೆಯಿಂದ ಗೋಡೆಗೆ ಹಬ್ಬಿಕೊಂಡು ನಿಂತಿದೆ. ನಿಮ್ಮ ಮಗ ಈಗಲೂ ಅದರ ಚೌಕಟ್ಟಿನ ಕೆಳಗೆ ಬಗ್ಗಿಯೇ ದೇವರ ಕೋಣೆಗೆ ಹೋಗುತ್ತಾರೆ. ಹೋಗುವಾಗ ಒಂದು ಸಲ ಗೊಣಗುತ್ತಾರೆ, ಬರುವಾಗ ಇನ್ನೊಂದು ಸಲ. ಇದೆಲ್ಲ ನಿಮಗೆ ಗೊತ್ತಿರುವುದೇ. ಇವತ್ತು ಬರೆಯಲು ಕೂತದ್ದು ನಿಮಗೆ ಗೊತ್ತಿಲ್ಲದ ಒಂದು ಸುದ್ದಿ ಹೇಳಲಿಕ್ಕೆ. ಸುದ್ದಿಯನ್ನಷ್ಟೇ ಹೇಳಿ ಮುಗಿಸಿದರೆ ನೀವು ಬಿಡುವವರೇ? "ಬುಡದಿಂದ ಹೇಳವಾ" ಅನ್ನುತ್ತೀರಿ. ಆಗಲಿ, ಬುಡದಿಂದಲೇ ಹೇಳುತ್ತೇನೆ.

ಮಿಷನ್ ಬಂದ ದಿನ ನೆನಪಿದೆಯಾ? ಒಂದೊಂದೇ ಪೆಟ್ಟಿಗೆ ಇಳಿಸಿ ಚೌಕಟ್ಟು ಜೋಡಿಸುತ್ತಿದ್ದರೆ, ತಾವು ಮಲಗುವ ದಿವಾನ ಮಂಚ ಎಲ್ಲಿಡುವುದು ಅಂತ ನಿಮ್ಮ ಮಗ ಮುಖ ಹುಳ್ಳಗೆ ಮಾಡಿಕೊಂಡು ನಿಂತಿದ್ದರು. ಮೇಲ್ಬಟ್ಟೆ, ನಡುವಿನ ಹತ್ತಿ, ಕೆಳಬಟ್ಟೆ ಮೂರನ್ನೂ ಉರುಳೆಗಳಿಗೆ ಸುತ್ತಿ, ಹಿಡಿ ಹಿಡಿದು ಮಿಷನ್ನನ್ನು ಬಟ್ಟೆಯ ಮೇಲೆ ಆಚೆಯಿಂದ ಈಚೆಗೆ ಓಡಿಸಿ ತೋರಿಸಿದೆ. ನೀವು ಕುರ್ಚಿಯಲ್ಲಿ ಕೂತು ನೋಡಿ ನೋಡಿ, "ಬಟ್ಟಿ ಸುಮ್ನ ಕುಂತೈತಿ, ಮಷಿನ್ನ ಓಡ್ಯಾಡಾಕತ್ತೈತಿ. ಈ ಮನ್ಯಾಗ ನಾ ಕುಂತು ನೀ ಓಡ್ಯಾಡಿದಂಗ" ಅಂದಿರಿ. ಗದಗದ ಕಡೆಯಿಂದ ಪೇಟೆಯ ಬಟ್ಟೆ ಅಂಗಡಿಯವರ ಮನೆಗೆ ಸೊಸೆಯಾಗಿ ಬಂದು ಒಂದು ಆಯುಷ್ಯ ಕಳೆದರೂ ನಿಮ್ಮ ಮಾತು ಒಂದಿಷ್ಟೂ ಬೆಂಗಳೂರಾಗಲಿಲ್ಲ. "ದಿವಾನ ಯಾರಿಗರೆ ಕೊಟ್ಟಬಿಡು, ಮಷಿನ್ ಇರ್ಲಿ" ಅಂತ ಮಗನಿಗೆ ಹೇಳಿದವರೂ ನೀವೇ. ಆ ತೀರ್ಪಿಗೆ ಈ ಮನೆಯಲ್ಲಿ ಅಪೀಲು ಇರಲಿಲ್ಲ.

ಮಧ್ಯಾಹ್ನದ ಊಟ ಮುಗಿದ ಮೇಲೆ ನಾವಿಬ್ಬರೂ ಚಾಪೆ ಹಾಸಿ ಕೂತು, ಹೊದೆಯುವ ಕೌದಿಗೆಂದು ನಿಮ್ಮ ಹಳೆಯ ಇಳಕಲ್ ಸೀರೆಗಳನ್ನು ಕತ್ತರಿಸಿದ್ದೆವಲ್ಲ. ಮೊದಲ ಸೀರೆಗೆ ಕತ್ತರಿ ಹಾಕದೆ ನಾನು ಮತ್ತೆ ಮಡಿಸಿಡಲು ಹೋದೆ. "ಉಟ್ಟು ಹರಿಬೇಕು, ಇಲ್ಲಾ ಹೊಲಿದು ಹೊದಿಬೇಕು. ಟ್ರಂಕಿನ್ಯಾಗ ಇಟ್ಟು ಹುಳಕ್ಕ ಉಣ್ಣಿಸ್ತೀ ಏನು?" ಅಂತ ಗದರಿದಿರಿ. ಮಾವನವರ ಪಂಚೆಯ ಅಂಚು, ಅಂಗಡಿಯಲ್ಲಿ ಮಿಕ್ಕ ತುಂಡುಗಳು, ನನ್ನ ಸೀಮಂತದ ಸೀರೆಯ ಸೆರಗು, ಎಲ್ಲವೂ ಸೇರಿ ಮೇಲ್ಬಟ್ಟೆಯಾಯಿತು. ಕೌದಿಯ ಹೊಲಿಗೆ ಅಂಚಿನಿಂದ ಶುರುವಾಗಿ ಸುತ್ತಿ ಸುತ್ತಿ ನಡುವಿಗೆ ಬರಬೇಕು ಅಂತ ಕಲಿಸಿದಿರಿ. ನಟ್ಟನಡುವಿನ ತುಂಡೇ ಕೌದಿಯ ಹೊಟ್ಟೆ. ಎಲ್ಲ ಹೊಲಿಗೆ ಮುಗಿದ ಮೇಲೆ, ಕೊನೆಗೆ ಅದನ್ನು ಮುಚ್ಚುವ ಮೊದಲು ಒಳಗೆ ಒಂದು ಚಿಟಿಕೆ ಜೋಳದ ಕಾಳು ಇಡಬೇಕು. "ಹಸದ ಕೌದಿ ಯಾರನ್ನೂ ಬೆಚ್ಚಗ ಇಡಂಗಿಲ್ಲ" ಅಂದಿರಿ. ಮೇಲ್ಬಟ್ಟೆ ಜೋಡಿಸಿದ್ದಾಯಿತು, ಹೊಲಿಯುವುದು ಮಾತ್ರ ಉಳಿದಿತ್ತು. ಅಷ್ಟರಲ್ಲಿ ನಿಮಗೆ ಆಸ್ಪತ್ರೆ, ಆಮೇಲೆ...

ನೀವು ಹೋದ ಮೇಲೆ ಟ್ರಂಕು ತೆಗೆದಾಗಲೆಲ್ಲ ಆ ಮೇಲ್ಬಟ್ಟೆಯೇ ಮೊದಲು ಕಣ್ಣಿಗೆ ಬೀಳುತ್ತಿತ್ತು. ಅದರ ಕೆಳಗೆ ನಾನೇ ಶುರು ಮಾಡಿ ಅರ್ಧಕ್ಕೆ ಬಿಟ್ಟ ಕೌದಿಗಳು ಒಂದರ ಮೇಲೊಂದು ಮಲಗಿದ್ದವು. ಏನು ಮಾಡಲಿ ಹೇಳಿ? ಬೆಳಗಾದರೆ ಗಿರಾಕಿಗಳು. ಬಸವನಗುಡಿಯಿಂದ, ವೈಯಾಲಿಕಾವಲ್‌ನಿಂದ, ಮಲ್ಲೇಶ್ವರದಿಂದ ಮೆಟ್ರೋ ಹತ್ತಿ, ತಾವು ಜೋಡಿಸಿದ ಮೇಲ್ಬಟ್ಟೆಯನ್ನು ಮಗುವಿನ ಹಾಗೆ ಎದೆಗವಚಿಕೊಂಡು ಬರುತ್ತಾರೆ. ಅದಕ್ಕೆ ಹತ್ತಿ, ಕೆಳಬಟ್ಟೆ ಸೇರಿಸಿ ಮಿಷನ್ನಿನಲ್ಲಿ ಹೊಲಿದುಕೊಡುವುದು ನನ್ನ ಕೆಲಸ. ಅವರು ಅದನ್ನು ಕ್ವಿಲ್ಟ್ ಅನ್ನುತ್ತಾರೆ. "ಆಂಟಿ, ಮಗಳ ಮದುವೆ ಹತ್ರ ಬಂತು, ಹೇಗಾದ್ರೂ ಮಾಡ್ಕೊಟ್ಬಿಡಿ." ಗಿರಾಕಿ ಕೆಲಸ ಮೊದಲು, ಮನೆಯದು ಆಮೇಲೆ ಅನ್ನುವುದು ಪೇಟೆಯವರ ರಕ್ತದಲ್ಲೇ ಇದೆ. ಆದರೆ ಈ 'ಆಮೇಲೆ' ಯಾವಾಗ ಬರುತ್ತದೆ ಅಂತ ಯಾರೂ ಹೇಳಿಕೊಟ್ಟಿರಲಿಲ್ಲ.

ಹೋದ ವರ್ಷ ಬಸವನಗುಡಿಯಲ್ಲಿ ಕ್ವಿಲ್ಟ್ ಪ್ರದರ್ಶನ ನಡೆಯಿತು. ನಮ್ಮ ವತ್ಸಲಾ ಮೇಡಂಗೆ ಮೊದಲ ಬಹುಮಾನ. ಅವರನ್ನು ಮರೆತಿಲ್ಲ ತಾನೆ? ಮಲ್ಲೇಶ್ವರದವರು, ಕಾಲೇಜಿನಲ್ಲಿ ಕೆಮಿಸ್ಟ್ರಿ ಹೇಳಿ ನಿವೃತ್ತರಾದವರು, ಹೊಲಿಗೆಗೆ ಕನ್ನಡಕ ಅಂಟಿಸಿ ನೋಡುತ್ತಾರೆ ಅಂತ ನೀವು 'ಇನ್‌ಸ್ಪೆಕ್ಟರ್' ಅಂತ ಹೆಸರಿಟ್ಟಿದ್ದಿರಲ್ಲ, ಅವರೇ. ಬಟ್ಟೆ ಜೋಡಿಸಿದ್ದು ಅವರು. ಅದರ ಮೈತುಂಬ ಬಳ್ಳಿ, ಎಲೆ, ಹೂವು ಹೊಲಿದದ್ದು ನಾನು. ಜನ ಆ ಬಳ್ಳಿಯ ಮೇಲೇ ಕೈಯಾಡಿಸಿ ಆಹಾ ಅನ್ನುತ್ತಿದ್ದರು. ಅದಕ್ಕೆ ಅಂಟಿಸಿದ ಚೀಟಿಯಲ್ಲಿ ನನ್ನ ಹೆಸರಿರಲಿಲ್ಲ, ಹೊಲಿದುಕೊಟ್ಟವರ ಹೆಸರು ಬರೆಯುವ ಪದ್ಧತಿಯೇ ಇಲ್ಲ. ಅಲ್ಲೇ ಪಕ್ಕದಲ್ಲಿ ನಿಂತಿದ್ದೆ. ಫೋಟೋ ತೆಗೆಯುವವನು, "ಆಂಟಿ, ಸ್ವಲ್ಪ ಆಕಡೆ ಸರೀತೀರಾ? ಅಡ್ಡ ಬರ್ತಿದೀರಾ" ಅಂದ. ಸರಿದೆ. ನನ್ನ ಹೊಲಿಗೆಗೆ ನಾನೇ ಅಡ್ಡ! ಮನೆಗೆ ಬಂದು ನಿಮ್ಮ ಫೋಟೋ ಮುಂದೆ ನಿಂತು, "ಮುಂದಿನ ವರ್ಷ ನಮ್ಮ ಕೌದಿ ಆ ಗೋಡೆ ಮೇಲೆ ಇರ್ಬೇಕು, ನಮ್ಮ ಹೆಸರಲ್ಲೇ" ಅಂತ ಹೇಳಿದೆ. ಕೇಳಿಸಿತ್ತಾ?

ಈ ವರ್ಷ ಪ್ರದರ್ಶನ ಹತ್ತಿರ ಬಂದಾಗ, ಸರಿಯಾಗಿ ನಾನು ನಮ್ಮ ಕೌದಿಯನ್ನು ಉರುಳೆಗೆ ಸುತ್ತುತ್ತಿರುವಾಗಲೇ, ವತ್ಸಲಾ ಮೇಡಂ ಹೊಸ ಗಂಟು ಹಿಡಿದು ಬಂದರು.

"ಶನಿವಾರ ಶೋ. ಇದನ್ನ ಮೊದಲು ಮಾಡ್ಕೊಡಿ."

"ಈ ಸಲ ಆಗಲ್ಲ ಮೇಡಂ."

"ಆಗಲ್ಲ ಅಂದ್ರೆ?"

"ಮಿಷನ್ ಮೇಲೆ ನಮ್ಮನೇದಿದೆ. ಅದೂ ಶೋಗೇ ಹೋಗ್ತಿದೆ."

ಮೂಲೆಯಲ್ಲಿ ಕಾಫಿ ಕುಡಿಯುತ್ತಿದ್ದ ನಿಮ್ಮ ಮಗನ ಲೋಟ ಬಾಯಿಯ ಹತ್ತಿರವೇ ನಿಂತುಬಿಟ್ಟಿತು. ಮೇಡಂ ಗಂಟು ಎತ್ತಿಕೊಂಡು ಹೋದರು. ಒಳ್ಳೆಯ ಗಿರಾಕಿ ಕೈತಪ್ಪಿತು ಅಂತ ಅಳುಕಿದ್ದು ನಿಜ. ಆದರೆ ಅತ್ತೆ, 'ಆಗಲ್ಲ' ಅನ್ನುವುದರಲ್ಲಿ ಎಷ್ಟು ಸುಖವಿದೆ ಅಂತ ನನಗೆ ಯಾಕೆ ಮೊದಲೇ ಹೇಳಲಿಲ್ಲ ನೀವು?

ಆ ಸುಖ ಮಾರನೇ ದಿನ ಮಧ್ಯಾಹ್ನಕ್ಕೇ ಇಳಿಯಿತು. ನಡೆದದ್ದು ಕೇಳಿದರೆ ತಲೆ ತಲೆ ಚಚ್ಚಿಕೊಳ್ಳುತ್ತೀರಿ. ಒಮ್ಮೆ ಉರುಳೆಗೆ ಸುತ್ತಿದ ಮೇಲೆ ಕೌದಿಯ ನಡುವಿಗೆ ಕೈ ಹೋಗುವುದಿಲ್ಲ ನೋಡಿ, ಅದಕ್ಕೆ ಜಾಣತನ ಮಾಡಿ, ಸುತ್ತುವ ಮೊದಲೇ ಜೋಳ ಇಟ್ಟು ಹೊಟ್ಟೆ ಮುಚ್ಚಿಬಿಟ್ಟಿದ್ದೆ. ಆ ತುಂಡು ಬಂದಾಗ ಸುತ್ತು ಹಾಕಿ ಹೋದರಾಯಿತು ಅಂದುಕೊಂಡೆ. ಮಿಷನ್ ಮುಂದೆ ನಿಂತರೆ ಕಾಣುವುದು ಬಟ್ಟೆಯ ಒಂದು ಪಟ್ಟಿ ಮಾತ್ರ, ಮಿಕ್ಕದ್ದೆಲ್ಲ ಉರುಳೆಯೊಳಗೆ. ಅಲೆ ಅಲೆಯಾಗಿ ಹೊಲಿಯುತ್ತಾ, ಹಾಡು ಗುನುಗುತ್ತಾ, ನಡು ಬಂದದ್ದೇ ತಿಳಿಯಲಿಲ್ಲ. ಟಕ್ ಅಂತು. ಸೂಜಿ ಎರಡು ತುಂಡು. ಅಷ್ಟೇ ಆಗಿದ್ದರೆ ಬೇರೆ ಸೂಜಿ ಹಾಕುತ್ತಿದ್ದೆ, ದಾರ ಹಿಡಿಯುವ ಒಳಗಿನ ಕೊಕ್ಕೆಯೂ ಜಾಗ ತಪ್ಪಿ ಮಿಷನ್ ಕೆಟ್ಟು ನಿಂತಿತ್ತು.

ರಿಪೇರಿಯವನಿಗೆ ಫೋನ್ ಮಾಡಿದೆ. "ನಾನು ಹೊಸೂರಲ್ಲಿದೀನಿ ಮೇಡಂ, ಮುಂದಿನ ವಾರ ಬರ್ತೀನಿ. ಏನ್ ಸಿಕ್ಕಾಕೊಂಡಿತ್ತು?"

"ಜೋಳ."

ಅವನು ಇನ್ನೆರಡು ಸಲ ಕೇಳಿ ಖಾತ್ರಿ ಮಾಡಿಕೊಂಡು ಫೋನಿಟ್ಟ. ನಿಮ್ಮ ಮಗ, "ಡೀಸೆಲ್ ಗಾಡಿಗೆ ಹಿಂಡಿ ತಿನ್ನಿಸಿದ ಹಾಗಾಯ್ತು ಕಣೇ" ಅಂದರು. ನಗಬೇಕೋ ಅಳಬೇಕೋ ತಿಳಿಯದೆ ಎರಡನ್ನೂ ಮಾಡಿದೆ. ಆಮೇಲೆ ಕೌದಿಯನ್ನು ಉರುಳೆಯಿಂದ ಬಿಚ್ಚಿದೆ. ಮೇಲಿನರ್ಧ ಮಿಷನ್ ಹೊಲಿಗೆ, ಕೆಳಗಿನರ್ಧ ಬರಿದು. ಹೊಟ್ಟೆಯ ತುಂಡು ಬಿಡಿಸಿ ಕಾಳುಗಳನ್ನು ಹೆಕ್ಕಿ ತೆಗೆದೆ. ನೆಲದ ಮೇಲೆ ಹರಡಿ, ದೊಡ್ಡ ಸೂಜಿಗೆ ದಾರ ಪೋಣಿಸಿ, ಅಂಚಿನಿಂದ ಶುರು ಮಾಡಿದೆ. ಎಷ್ಟೋ ವರ್ಷವಾಗಿತ್ತು ಕೈಯಲ್ಲಿ ಹೊಲಿದು. ಶನಿವಾರಕ್ಕೆ ಮುಗಿಯುವ ಮಾತೇ ಅಲ್ಲ ಅಂತ ಮನಸ್ಸು ಹೇಳುತ್ತಲೇ ಇತ್ತು.

ಹಾಗೆ ಕೂತಿರುವಾಗಲೇ ಇನ್‌ಸ್ಪೆಕ್ಟರ್ ಮತ್ತೆ ಬಂದರು, ಇನ್ನೊಂದು ಸಲ ಕೇಳಿ ನೋಡೋಣ ಅಂತ. ಬಾಗಿಲಲ್ಲೇ ನಿಂತು, "ಏನ್ರೀ ಇದು, ಕೈಯಲ್ಲಿ ಹೊಲೀತಿದೀರಾ?" ಅಂದರು. ನಡೆದದ್ದು ಹೇಳಿದೆ.

"ಜೋಳಾನಾ?" ಅಂತ ನಕ್ಕರು ನೋಡಿ, ಕಣ್ಣಲ್ಲಿ ನೀರು ಬರುವ ತನಕ. ಇಷ್ಟು ವರ್ಷದಲ್ಲಿ ಅವರ ಹಲ್ಲು ನೋಡಿದ್ದು ಅದೇ ಮೊದಲು. ನಗು ನಿಂತ ಮೇಲೆ ತಮ್ಮ ಗಂಟನ್ನು ಕುರ್ಚಿಯ ಮೇಲೆ ಹಾಕಿ, "ಕೊಡಿ ಒಂದು ಸೂಜಿ. ಮಂಡಿ ನೋವಿದೆ, ಕೂತ್ರೆ ಏಳಿಸೋ ಜವಾಬ್ದಾರಿ ನಿಮ್ದು" ಅಂತ ನೆಲಕ್ಕೆ ಕೂತೇಬಿಟ್ಟರು. ಅವರ ಗಂಟೂ ಹೊಲಿಗೆಯಿಲ್ಲದೆ ಕೂತಿದೆ, ಅದು ಶೋಗೆ ಹೋಗುವುದಿಲ್ಲ ಅಂತ ಗೊತ್ತಿದ್ದೂ ಕೂತರು. ನಾನು ಸೂಜಿಗೆ ದಾರ ಪೋಣಿಸಿ ಅವರ ಕೈಗೆ ಕೊಟ್ಟೆ.

ಒಂದು ಸಾಲು ಮುಗಿಸಿ ತೋರಿಸಿದರು. ಒಂದೊಂದು ಹೊಲಿಗೆಯೂ ಬೆರಳುದ್ದ! ನೀವಾಗಿದ್ದರೆ ಏನು ಮಾಡುತ್ತಿದ್ದಿರಿ? ನಾನೂ ಅದನ್ನೇ ಮಾಡಿದೆ.

"ಮೇಡಂ, ಇದನ್ನ ಬಿಚ್ಚಬೇಕು."

"ಏನು?"

"ನನ್ನ ಕೈಲಿ ನೀವು ಎಷ್ಟು ಸಲ ಬಿಚ್ಚಿಸಿದೀರಾ, ನೆನಪಿದ್ಯಾ?"

"ಓ, ಸೇಡು ತೀರಿಸ್ಕೊಳ್ತಿದೀರಾ?"

"ಹೂಂ."

ತುಟಿ ಬಿಗಿದುಕೊಂಡು ಬಿಚ್ಚಿದರು. ಎರಡನೇ ಸಲದ ಸಾಲು ಪರವಾಗಿಲ್ಲ ಅನ್ನುವ ಹಾಗಿತ್ತು. ಮಾರನೇ ದಿನ ತಮ್ಮ ನಾದಿನಿಯನ್ನೂ ಕರೆದುಕೊಂಡು, ತಿಂಡಿ ಡಬ್ಬಿ ಸಮೇತ ಬಂದರು. ನಿಮ್ಮ ಮಗ ಗೊಣಗದೆ ಮೂವರಿಗೂ ಕಾಫಿ ಮಾಡಿ ಕೊಟ್ಟರು. ನಂಬಿ, ಇದು ಕಟ್ಟುಕಥೆಯಲ್ಲ.

ಶುಕ್ರವಾರ ಸಂಜೆ ಅವರೆಲ್ಲ ಹೊರಟ ಮೇಲೆ ಉಳಿದದ್ದು ಆ ನಡುವಿನ ತುಂಡೊಂದೇ. ಅದನ್ನು ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. ಅಡುಗೆಮನೆಗೆ ಹೋಗಿ ಹೊಸ ಜೋಳ ತಂದೆ. ಎಲ್ಲ ಹೊಲಿಗೆ ಮುಗಿದ ಮೇಲೆಯೇ ಹೊಟ್ಟೆ ತುಂಬಿಸಬೇಕು ಅಂತ ನೀವು ಹೇಳಿದ್ದು ಬರೀ ನಂಬಿಕೆಯಲ್ಲ, ಕೆಲಸ ಬಲ್ಲವರ ಕ್ರಮ. ಅದು ನನಗೆ ತಿಳಿಯಲು ಒಂದು ಸೂಜಿ ಮುರಿಯಬೇಕಾಯಿತು. ಕಾಳಿಟ್ಟು, ಸುತ್ತ ಹೊಲಿದು, ಗಂಟು ಹಾಕಿ, ದಾರ ಕಡಿದೆ. ನಿಮ್ಮನ್ನು ಕೂಗಿ ಕರೆಯಬೇಕು ಅನ್ನಿಸಿತು. ಕರೆದೂಬಿಟ್ಟೆ. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ ಬಿಡಿ.

ಶನಿವಾರ ಬೆಳಿಗ್ಗೆ ಹಾಲ್‌ಗೆ ತೆಗೆದುಕೊಂಡು ಹೋದರೆ ಅಲ್ಲಿ ಇನ್ನೊಂದು ತಕರಾರು.

"ಮಿಷನ್ ವಿಭಾಗನಾ, ಕೈಹೊಲಿಗೆ ವಿಭಾಗನಾ ಆಂಟಿ?" ಅಂತ ಒಬ್ಬಳು ಹುಡುಗಿ ಕೇಳಿದಳು.

"ಎರಡೂ ಕಣಮ್ಮ."

"ಎರಡೂ ಅಂತ ವಿಭಾಗ ಇಲ್ವಲ್ಲಾ..."

"ಇಲ್ದಿದ್ರೆ ಈಗ ಮಾಡ್ಕೊಳ್ಳಿ" ಅಂತ ಹಿಂದಿನಿಂದ ವತ್ಸಲಾ ಮೇಡಂ ದನಿ. ಕ್ಲಾಸಿನಲ್ಲಿ ಹುಡುಗರನ್ನು ಸುಮ್ಮನಾಗಿಸುತ್ತಿದ್ದ ದನಿಯೇ ಇರಬೇಕು. ಎಲ್ಲಿಗೂ ಸೇರದ ನಮ್ಮ ಕೌದಿಯನ್ನು ಕೊನೆಗೆ ಒಳಗೆ ಕಾಲಿಟ್ಟ ಕೂಡಲೇ ಎದುರಾಗುವ ಗೋಡೆಗೆ ತೂಗುಹಾಕಿದರು. ಬಂದವರೆಲ್ಲ ಅಲ್ಲೇ ನಿಂತರು. ಒಬ್ಬ ಹಿರಿಯರು, "ಮೇಲೆ ಹೊಳೆ ಹರೀತಿದೆ, ಕೆಳಗೆ ಉತ್ತ ಹೊಲ. ಏನು ಕಲ್ಪನೆ ರೀ ನಿಮ್ದು!" ಅಂದರು. ಅವರಿಗೆ ಜೋಳದ ಕಥೆ ಹೇಗೆ ಹೇಳಲಿ? "ಹೌದು ಸರ್, ಹಾಗೇ ಯೋಚ್ನೆ ಮಾಡಿದ್ದು" ಅಂದೆ. ಒಂದು ಸಣ್ಣ ಸುಳ್ಳು, ನೀವು ಹೊಟ್ಟೆಗೆ ಹಾಕಿಕೊಳ್ಳಿ.

ಇನ್ನೊಬ್ಬಾಕೆ ಅಂಚು ಮುಟ್ಟಿ ನೋಡಿ, "ಯಾರದ್ದಿದು?" ಅಂತ ಕೇಳಿದರು. ಇಷ್ಟು ವರ್ಷ ಈ ಪ್ರಶ್ನೆಗೆ ಗಿರಾಕಿಗಳ ಹೆಸರು ಹೇಳಿ ಹೇಳಿ ನಾಲಿಗೆಗೆ ಅದೇ ಅಭ್ಯಾಸ. ಈ ಸಲ ಮಾತ್ರ, "ನಂದು" ಅಂದೆ. ಆಮೇಲೆ, "ನಮ್ಮತ್ತೇದೂ."

ನೋಡಲು ಬಂದವರೇ ಆರಿಸುವ ಬಹುಮಾನ ಒಂದಿದೆ ಅತ್ತೆ. ಅದು ನಮಗೆ ಬಂತು! ಮೈಕಿನಲ್ಲಿ ಕೂಗಿದರು: "ಅತ್ತೆ ನೀಲಗಂಗಮ್ಮ, ಸೊಸೆ ಸುಮಂಗಲಾ, ಚಾಮರಾಜಪೇಟೆ." ಚೀಟಿಯಲ್ಲಿ ನಾನೇ ಹಾಗೆ ಬರೆಸಿದ್ದೆ. ಕೂಗಿದವರು ಸುತ್ತ ನೋಡಿ, "ಅತ್ತೇನೂ ಬರಲಿ ಮೇಡಂ, ಅವರೆಲ್ಲಿ?" ಅಂದರು. "ಇವತ್ತು ಬಂದಿಲ್ಲ. ಅವರದ್ದೂ ನಾನೇ ತಗೋತೀನಿ" ಅಂದೆ. ಜನ ಚಪ್ಪಾಳೆ ತಟ್ಟಿದರು. ನಾನು ಅಳಲಿಲ್ಲ. ಅತ್ತದ್ದು ನಿಮ್ಮ ಮಗ, ಕೊನೆಯ ಸಾಲಿನಲ್ಲಿ ನಿಂತು, ಕರ್ಚೀಫು ಮರೆತು ಬಂದವರು ಅಂಗಿ ತೋಳಿನಲ್ಲೇ ಒರೆಸಿಕೊಂಡರು.

ಬಹುಮಾನ ಬಂದ ಮೇಲೆ ಗಿರಾಕಿಗಳು ಕಡಿಮೆಯಾದಾರೆ? ಮೊದಲಿಗಿಂತ ಜಾಸ್ತಿ. ಮಿಷನ್ ರಿಪೇರಿಯಾಯಿತು, ಗಂಟುಗಳು ಗೋಡೆಗೊರಗಿ ಕೂತವು. ಟ್ರಂಕಿನಲ್ಲಿ ಉಳಿದವು ಹಾಗೇ ಇದ್ದವು. ಒಂದನ್ನು ಗೆಲ್ಲಿಸಿ ಮಿಕ್ಕದ್ದಕ್ಕೆ ಮತ್ತೆ 'ಆಮೇಲೆ' ಅನ್ನುವುದಾ? ಆಗ ನಿಮ್ಮ ತವರಿನ ಒಂದು ಮಾತು ನೆನಪಾಯಿತು. ನಿಮ್ಮೂರಲ್ಲಿ ಸೋಮವಾರ ಬಸವಣ್ಣನ ವಾರ, ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ, ಎಂಥ ಹದದ ಮಳೆ ಬಿದ್ದಿದ್ದರೂ ಇಡುವುದಿಲ್ಲ ಅಂದಿದ್ದಿರಿ. ಬಾಗಿಲಿಗೆ ಒಂದು ಬೋರ್ಡು ಬರೆಸಿ ತೂಗುಹಾಕಿದೆ: 'ಸೋಮವಾರ ಗಿರಾಕಿ ಕೆಲಸ ಇಲ್ಲ.' ವತ್ಸಲಾ ಮೇಡಂ ನೋಡಿ, "ಇದೇನ್ರೀ ಹೊಸದು?" ಅಂದರು. "ಎತ್ತಿಗೇ ರಜೆ ಇದೆ ಮೇಡಂ, ನಂಗೆ ಬೇಡ್ವಾ?" ಅಂದೆ.

ಇವತ್ತು ಸೋಮವಾರ. ಟ್ರಂಕಿನಿಂದ ಎರಡನೆಯದನ್ನು ತೆಗೆದು ಉರುಳೆಗೆ ಸುತ್ತಿಟ್ಟು, ಹೊಲಿಗೆಗೆ ಮೊದಲು ನಿಮಗೆ ನಾಲ್ಕು ಸಾಲು ಬರೆದುಬಿಡೋಣ ಅಂತ ಕೂತೆ. ಟ್ರಂಕಿನ ತಳ ಕಾಣುವ ತನಕ ಒಂದು ಸೋಮವಾರವನ್ನೂ ಯಾರಿಗೂ ಕೊಡುವುದಿಲ್ಲ, ಇದು ನಾನು ನಿಮಗೆ ಕೊಡುವ ಮಾತು. ಬಾಗಿಲಲ್ಲಿ ಯಾರೋ ಬೆಲ್ ಮಾಡುತ್ತಿದ್ದಾರೆ. "ಆಂಟೀ, ಒಂದೇ ನಿಮಿಷ ಆಂಟೀ..." ಅನ್ನುತ್ತಿದ್ದಾರೆ.

ಅನ್ನಲಿ ಅತ್ತೆ. ನಾನು ನಮ್ಮನೇ ಕೆಲಸದಲ್ಲಿದ್ದೇನೆ.

ನಿಮ್ಮ ಸೊಸೆ,
ಸುಮಂಗಲಾ