ಗುಬ್ಬಿಮಕ್ಕಿಯ ಚಕ್ಕುಬಂದಿ

೧೮ ನವೆಂಬರ್ ೨೦೨೪, ಸೋಮವಾರ

ಬೆಳಿಗ್ಗೆ ಎಂದಿನಂತೆ ಅಳತೆಯ ಯಂತ್ರ ಟೋಟಲ್ ಸ್ಟೇಷನ್ ಒರೆಸಿಟ್ಟು ಕ್ಲಾಸಿಗೆ ಹೋದೆ. ಅಳತೆ ಕಲಿಯಲು ಬಂದು ಅಳುತ್ತ ಕೂತ ಹುಡುಗರನ್ನು ನಗಿಸುವುದೇ ಅರ್ಧ ಪಾಠ. ಸುನಿಲ್ ಕೇಳಿದ, "ಸಾರ್, ಹದ್ದುಬಸ್ತು ಅಂದ್ರೆ ಎಂತ?"

"ಹದ್ದು ಬಸ್ಸಲ್ಲಿ ಬರೋದು ಮಾರಾಯ."

ಎಲ್ಲರೂ ನಕ್ಕರು. ಮೇಧಾ ನಗಲಿಲ್ಲ, 'ಗಡಿ ಗುರುತಿಸುವುದು' ಎಂದು ಬರೆದುಕೊಂಡಳು. ಮೇಗರವಳ್ಳಿಯ ಹುಡುಗಿ. ಸರ್ವೇಯರ್ ಲೈಸೆನ್ಸ್ ಪರೀಕ್ಷೆಯ ಫೀಲ್ಡ್ ವರ್ಕಿನಲ್ಲಿ ಎರಡು ಸಲ ಫೇಲು. ಇದು ಕೊನೆಯ ಅವಕಾಶ. ಈ ಸಲವೂ ಆಗದಿದ್ದರೆ ಮನೆಯವರು ತೋರಿಸಿದ ಕಡೆ ಕುತ್ತಿಗೆ ಕೊಡಬೇಕಂತೆ.

ಮುಖ್ಯಸ್ಥೆ ಮನೋರಮಾ ಮೇಡಂ ಹೊರಗೆ ಹಿಡಿದುಕೊಂಡರು. "ಜಟ್ಟಿಂಗಪ್ಪ ಸಾರ್, ಅವಳ ಹತ್ರ ನಿಮ್ಮ ಆಟ ಬ್ಯಾಡ. ಈ ವಯಸ್ಸಲ್ಲೂ ಹದ್ದು ಮೀರ್ತೀರಲ್ಲ!"

ಆಡಲ್ಲ ಎಂದೆ. ಆಡುವ ಮಾತು, ಆಡದ ಆಟ... ನೋಡೋಣ.

೨೧ ನವೆಂಬರ್

ಮೇಧಾಳಿಗೆ ಫೀಲ್ಡ್ ವರ್ಕಿಗೆ ಹೊಸನಗರ ಕಡೆಯ ಗುಬ್ಬಿಮಕ್ಕಿ ಬಂತು. ಗುಬ್ಬಿಯೂ ಇಲ್ಲ, ಮಕ್ಕಳೂ ಇಲ್ಲ. ಆಣೆಕಟ್ಟಿನ ಕಾಲಕ್ಕೆ ನೀರು ಬರುತ್ತದೆ ಎಂದು ಊರನ್ನೇ ಎಬ್ಬಿಸಿದರು. ನೀರು ಅಲ್ಲಿವರೆಗೆ ಬರಲೇ ಇಲ್ಲ. ಹೋದವರೂ ವಾಪಸ್ ಬರಲಿಲ್ಲ. ಕಂದಾಯದ ಭಾಷೆಯಲ್ಲಿ ಬೇಚರಾಕ್ ಗ್ರಾಮ.

"ಹಂಗಂದ್ರೆ ಮೇಷ್ಟ್ರೇ?" ಮೇಧಾ ಕೇಳಿದಳು.

"ಚಿರಾಗ್ ಅಂದ್ರೆ ದೀಪ. ಬೇಚರಾಕ್ ಅಂದ್ರೆ ದೀಪ ಹಚ್ಚೋಕೂ ಜನ ಇಲ್ಲದ ಊರು."

ಇಲ್ಲಿಗೇ ನಿಲ್ಲಿಸಬೇಕಿತ್ತು. ನಾಲಿಗೆ ತುರಿಸಿತು. ಹದ್ದುಬಸ್ತಿಗೆ ಮುಂಚೆ ಚಕ್ಕುಬಂದಿಯವರಿಗೆ, ಅಂದರೆ ನಾಲ್ಕು ದಿಕ್ಕಿನ ಪಕ್ಕದ ಜಮೀನಿನವರಿಗೆ, ನೋಟಿಸ್ ಕೊಡಬೇಕು. ಅದು ನಿಜವಾದ ರೂಲು. ಅದಕ್ಕೆ ಬಾಲ ಕಟ್ಟಿದೆ: "ಬೇಚರಾಕ್ ಊರಲ್ಲಿ ನೋಟಿಸ್ ತಗಳೋರಿಲ್ಲ. ಮೂರು ಸಲ ಕೂಗಿ ಕರೀಬೇಕು. ಬಂದೋರಿಗೆ ಗಡಿ ತೋರಿಸದೆ ಕರೆದೋರು ವಾಪಸ್ ಹೋಗಂಗಿಲ್ಲ."

ಮೇಧಾ ಬರೆದುಕೊಂಡಳು. ಅಡಿಗೆರೆ ಬೇರೆ ಎಳೆದಳು.

೨೨ ನವೆಂಬರ್

ಇದ್ದದ್ದು ಇದ್ದಂತೆ ಬರೆಯುತ್ತೇನೆ.

ಇವತ್ತು ಮೇಧಾ, ಸುನಿಲ್ ಜೊತೆ ಗುಬ್ಬಿಮಕ್ಕಿಗೆ ಹೋಗಿದ್ದೆ. ನನ್ನ ಪ್ಲಾನು ಸರಳ. ನಾನು ಧೂಪದ ಮರದ ಹಿಂದೆ ಅಡಗುವುದು. ಮೂರನೇ ಕೂಗಿಗೆ ಮುದುಕಿಯ ದನಿಯಲ್ಲಿ 'ಬಂದೆ' ಎನ್ನುವುದು.

ಮೇಧಾ ಗಡಿಯ ಬಾಂದು ಕಲ್ಲಿನ ಹತ್ತಿರ ನಿಂತು ಕೂಗಿದಳು. "ಚಕ್ಕುಬಂದಿಯವರು ಯಾರಾದ್ರೂ ಇದ್ರೆ ಬನ್ನಿ!" ಒಂದು. ಎರಡು. ಹಕ್ಕಿಗಳು ಸುಮ್ಮನಾದವು. ಮೂರು. ನಾನು ಬಾಯಿ ತೆರೆದೆ...

ಎದುರಿನ ಹಾಳು ಗೋಡೆಗಳ ಕಡೆಯಿಂದ ಹಲವು ದನಿ ಒಟ್ಟಿಗೆ ಕೇಳಿದವು. "ಬಂದ್ವಿ."

ಬಂದೆ ಅಲ್ಲ. ಬಂದ್ವಿ.

ಸುನಿಲ್ ಚಪ್ಪಾಳೆ ತಟ್ಟಿದ. "ಸಾರ್, ಒಬ್ರೇ ಎಷ್ಟು ಸ್ವರ ತೆಗಿತೀರಾ!"

ನಾನಲ್ಲ ಎನ್ನಬೇಕಿತ್ತು. ನಕ್ಕು ತಲೆಯಾಡಿಸಿದೆ. ಚಪ್ಪಾಳೆ ಬಿಟ್ಟುಕೊಡುವ ಅಭ್ಯಾಸವಿಲ್ಲ.

೨ ಡಿಸೆಂಬರ್

ಇಷ್ಟು ದಿನ ಬರೆಯಲಾಗಲಿಲ್ಲ. ಜ್ವರ ಎಂದು ಮಲಗಿದ್ದೆ. ಜ್ವರ ಇರಲಿಲ್ಲ.

ಇಂದು ಹೋದರೆ ಮನೋರಮಾ ಮೇಡಂ ಖುಷಿಯಲ್ಲಿದ್ದಾರೆ. ಮೇಧಾಳ ಅಳತೆ ಹೊರಟ ಬಿಂದುವಿಗೇ ಬಂದು ಕೂಡಿದೆ. ಕೂದಲೆಳೆಯ ತಪ್ಪೂ ಇಲ್ಲ. ಸರ್ವಿಸ್ಸಿನಲ್ಲೇ ನಾನು ಅಂಥದ್ದು ಕಂಡಿಲ್ಲ. ಮಣ್ಣಡಿ ಹೂತಿದ್ದ ಕಲ್ಲುಗಳೆಲ್ಲ ಸಿಕ್ಕಿವೆ.

"ಹೆಂಗೆ ಸಿಕ್ತವು?" ಮೇಧಾಳನ್ನು ಕೇಳಿದೆ.

"ನೀವೇ ಕಳ್ಸಿದ್ರಲ್ಲ ಮೇಷ್ಟ್ರೇ, ಅವ್ರು ತೋರಿಸಿದ್ರು. ಆ ಕೆರಿಯಮ್ಮ ಅಂತೂ ಪಾಪ, ಬಿಸಿಲಿಗೆ ಸೆರಗು ಹಿಡೀತಾರೆ ನಂಗೆ. ಎಲ್ಲಿಂದ ಕರ್ಕಂಡು ಬಂದ್ರಿ ಅಷ್ಟು ಜನಾನ?"

ನಾನು ಯಾರನ್ನೂ ಕಳಿಸಿಲ್ಲ ಎಂದೆ. ಅವಳು ನಕ್ಕಳು! ನನ್ನ ಮಾತಿಗೆ ಮೊದಲ ಸಲ ನಕ್ಕಳು.

ಸುನಿಲ್‌ನನ್ನು ಕೇಳಿದೆ. ಅವನು ಯಾರನ್ನೂ ನೋಡಿಲ್ಲ. "ಮೇಧಾ ಒಬ್ಳೇ ಮಾತಾಡ್ಕಂಡು ಹೋಗ್ತಾಳೆ ಸಾರ್. ಫೋನಲ್ಲಿ ಅಂದ್ಕಂಡಿದ್ದೆ."

ಗುಬ್ಬಿಮಕ್ಕಿಯಲ್ಲಿ ಸಿಗ್ನಲ್ ಇಲ್ಲ.

೪ ಡಿಸೆಂಬರ್

ಮೇಧಾ ಕರಡು ನಕ್ಷೆ ತಂದಳು. ಚಂದದ ಕೆಲಸ. ಮೂಲೆಯಲ್ಲಿ ಚಕ್ಕುಬಂದಿ. ಪೂರ್ವಕ್ಕೆ: ಕೆರಿಯಮ್ಮ. ಉತ್ತರಕ್ಕೆ: ಹಳ್ಳ. ದಕ್ಷಿಣಕ್ಕೆ: ದಾರಿ. ಪಶ್ಚಿಮಕ್ಕೆ: ಮೇಧಾ.

"ಇದೇನಮ್ಮ?"

"ಅಲ್ಲೊಂದು ಜಾಗ ಖಾಲಿ ಇತ್ತಂತೆ. ಕೆರಿಯಮ್ಮ ಬರಿ ಅಂದ್ರು, ಬರ್ದೆ."

"ನಿನ್ನೂರು ಯಾವ್ದು?"

ಯೋಚಿಸಿದಳು. ಮೇಗರವಳ್ಳಿಯವಳು ಯೋಚಿಸಿದಳು. ನಕ್ಷೆಯ ಮೇಲೆ ಬೆರಳಿಟ್ಟು "ಇಲ್ಲೇ..." ಎಂದಳು.

ಕೈ ಮುಗಿದೆ. ಕೂಗಿ ಕರೆಯುವ ರೂಲು ನಾನೇ ಕಟ್ಟಿದ್ದು, ನಾಳೆ ಹೋಗಬೇಡ ಎಂದೆ. ಅವಳ ಕಣ್ಣು ತುಂಬಿತು. "ಕಲ್ಲು ನೆಟ್ಟು ಮುಗಿಸದಿದ್ರೆ ಮತ್ತೆ ಫೇಲು. ನಿಮ್ಗೆ ಇದೂ ತಮಾಷೆನಾ ಮೇಷ್ಟ್ರೇ?"

ನಿಜ ಹೇಳುವ ದನಿ ನನ್ನ ಹತ್ತಿರ ಇಲ್ಲವೇ ಇಲ್ಲ.

೫ ಡಿಸೆಂಬರ್, ಮಧ್ಯಾಹ್ನ, ಗುಬ್ಬಿಮಕ್ಕಿ

ಅವಳ, ಸುನಿಲ್‌ನ ಜೊತೆ ನಾನೂ ಬಂದೆ. ಕೊನೆಯ ಕಲ್ಲು ನೆಟ್ಟಳು. ಕೆಲಸ ಪೂರಾ. ಮೇಡಂಗೆ ಕೊಡಲು ನಕ್ಷೆಗೆ ಸಹಿ ಹಾಕಿದೆ. ಹಾಕುವ ಮುಂಚೆ ಪಶ್ಚಿಮದ ಹೆಸರು ಹೊಡೆದುಹಾಕಿ ಜಟ್ಟಿಂಗಪ್ಪ ಎಂದು ಬರೆದೆ. ಅವಳು ನೋಡಲಿಲ್ಲ. ಹಾಳು ಗೋಡೆಗಳ ಕಡೆ ನೋಡುತ್ತಿದ್ದಳು.

"ಹೊರಡು ಮೇಧಾ."

"ಅವ್ರ ಮನೆ ಅಳತೆ ಬಾಕಿ ಉಂಟಲ್ಲ. ಅದು ಮುಗಿಯೋತಂಕ ಇರ್ಬೇಕಂತೆ ನಾನು."

"ನಾನು ಮಾಡ್ತೀನಿ. ಕರೆಯೋ ರೂಲು ನಂದು, ಕಳಿಸೋದೂ ನಂದೇ."

ಗೋಡೆಗಳ ಕಡೆ ತಿರುಗಿ ಜೋರಾಗಿಯೇ ಹೇಳಿದೆ. ಗಾಳಿ ನಿಂತಿತು. ಮೇಧಾ ನಿದ್ದೆಯಿಂದ ಎದ್ದವಳಂತೆ ಸುತ್ತ ನೋಡಿದಳು. "ಮೇಷ್ಟ್ರೇ, ಇಲ್ಲಿ ಯಾರೂ ಇಲ್ವಲ್ಲ?" ಎಂದಳು. ನಂತರ ಸಣ್ಣಗೆ, "ನಂಗೆ ಮನೆಗೆ ಹೋಗ್ಬೇಕು."

ಸುನಿಲ್ ಬೈಕಿನಲ್ಲಿ ಹತ್ತಿಸಿಕೊಂಡು ಹೋದ. ನಕ್ಷೆ ಅವಳ ಬ್ಯಾಗಿನಲ್ಲಿದೆ. ಈ ಸಲ ಪಾಸು.

ಬೈಕಿನ ಸದ್ದು ಅಡಗಿತು. ಈಗ ನನಗೆ ಕಾಣುತ್ತಿದ್ದಾರೆ. ತುಂಬ ಜನ. ಒಬ್ಬೊಬ್ಬರೂ ಅವರವರ ಹೊಸಿಲ ಮೇಲೆ ನಿಂತಿದ್ದಾರೆ. ಒಂದು ಜೋಕು ಹೇಳಿದೆ. ಯಾರೂ ನಗಲಿಲ್ಲ.

ಅಜ್ಜಿಯೊಬ್ಬರು, ಕೆರಿಯಮ್ಮನೇ ಇರಬೇಕು, ಬಂದು ಟೇಪಿನ ತುದಿ ಇಸಕೊಂಡರು. "ಪಶ್ಚಿಮದೋರು ನೀವಾ? ನಿಮ್ಮನೆಯಿಂದ್ಲೇ ಸುರು ಮಾಡಾಣ" ಎಂದರು.

ಈ ತುದಿ ಕಾಲಡಿ ಒತ್ತಿಕೊಂಡು ಬರೆಯುತ್ತಿದ್ದೇನೆ. ಟೇಪು ಬಿಗಿಯಾಯಿತು. ಅಜ್ಜಿ ಇನ್ನೂ ಹಿಂದೆ ಹಿಂದೆ ಹೋಗುತ್ತಿದ್ದಾರೆ. ಗೋಡೆ ದಾಟಿ... ಟೇಪು ಅಷ್ಟು ಉದ್ದ ಇಲ್ಲ, ಆದರೂ